ಆಷಾಢಕ್ಕೆ ಬಂದ ಹುಡುಗಿ ಯಾರ ಲೆಕ್ಕಕ್ಕೆ?

ಆಷಾಢ ಹುಟ್ಟುವ ಹೊತ್ತಿಗೆ ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತು ನೋಡಿ. ಎಚ್.ಡಿ. ಕೋಟೆ, ಹುಣಸೂರು, ನಂಜನಗೂಡು, ತಿ. ನರಸೀಪುರದ ಬಸ್ಸುಗಳಿಂದ ಹೊಸ ಸೀರೆಯ ಹುಡುಗಿಯರು ಇಳೀತಾರೆ, ಹತ್ತುತ್ತಾರೆ. ಕತ್ತಿನಲ್ಲಿ ಅರಿಶಿನ ಮಾಸದ ದಾರ, ಕೈತುಂಬ ಬಳೆ, ಜೊತೆಗೆ ಕರೆಯೋಕೆ ಬಂದ ಅಣ್ಣನೋ ಸೋದರಮಾವನೋ ಒಬ್ಬ. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅನ್ನುವುದು ಈ ಕಡೆಯ ರಿವಾಜು. ಅದಕ್ಕೇ ತವರಿಗೆ ಪ್ರಯಾಣ.

ಬಹುಪಾಲು ಹುಡುಗಿಯರು ವಯಸ್ಸಿಗೆ ಬಂದವರೇ, ಅನುಮಾನ ಬೇಡ. ಆದರೆ ನಡುವೆ ಒಂದೊಂದು ಮುಖ ಕಂಡಾಗ ಎದುರು ಸೀಟಿನ ಹೆಂಗಸು ಬಾಯಿ ಬಿಡದೆ ಲೆಕ್ಕ ಹಾಕ್ತಾಳೆ. ಹದಿನಾರೋ, ಹದಿನೇಳೋ? ಹೋದ ವರ್ಷ ಇದೇ ಬಸ್ಸಿನಲ್ಲಿ ನೀಲಿ ಯೂನಿಫಾರಮ್ಮು, ಎರಡು ಜಡೆಯಲ್ಲಿ ನೋಡಿದ ಹಾಗಿತ್ತಲ್ಲ?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರ ಟಿಕೆಟ್ಟಿಗೆ ದುಡ್ಡಿಲ್ಲ. ಗುರುತಿನ ಚೀಟಿ ತೋರಿಸಿದರಾಯಿತು. ವಿಳಾಸ ಕರ್ನಾಟಕದ್ದೇ ಹೌದೋ ಅಲ್ಲವೋ ಅಂತ ಕಂಡಕ್ಟರು ಒಂದು ಕಣ್ಣು ಹಾಯಿಸಿ ಸೊನ್ನೆ ಟಿಕೆಟ್ಟು ಹರಿದು ಕೊಡ್ತಾರೆ. ಹುಟ್ಟಿದ ತಾರೀಕು ಅದೇ ಆಧಾರ್ ಕಾರ್ಡಿನ ಇನ್ನೊಂದು ಮುಖದಲ್ಲಿ ಇರುತ್ತದೆ. ಅದನ್ನು ಓದೋದು ಅವರ ಕೆಲಸ ಅಲ್ಲ. ಹಾಗಾದರೆ ಯಾರ ಕೆಲಸ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2015-16ರಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕರ ಪ್ರಾಯದ ಹೆಂಗಸರನ್ನು ಕೇಳಿದಾಗ ಕರ್ನಾಟಕದಲ್ಲಿ ನೂರಕ್ಕೆ 21.4 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. 2019-21ರಲ್ಲಿ ಮತ್ತೆ ಕೇಳಿದರು. 21.3. ಇಷ್ಟು ವರ್ಷದ ಭಾಷಣ, ಜಾಥಾ, ಗೋಡೆಬರಹ, ಬೀದಿನಾಟಕ ಎಲ್ಲಾ ಸೇರಿ ಇಳಿಸಿದ್ದು ದಶಾಂಶ ಒಂದು. ಐದು ಹೆಂಗಸರಲ್ಲಿ ಒಬ್ಬಳು ಅಂತ ಇಟ್ಟುಕೊಂಡರೆ, ತುಂಬಿದ ಬಸ್ಸಿನಲ್ಲಿ ಎಷ್ಟು ಜನ ಆಗ್ತಾರೆ ನೀವೇ ಎಣಿಸಿಕೊಳ್ಳಿ.

ಹಳೇ ಮೈಸೂರಿನವರಿಗೆ ಈ ವಿಷಯದಲ್ಲಿ ಒಂದು ಹೆಮ್ಮೆಯೂ ಇದೆ, ಇರಲಿ. ಬ್ರಿಟಿಷರ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಮೈಸೂರು ಸಂಸ್ಥಾನ ಅದಕ್ಕಿಂತ ಮೂವತ್ತೈದು ವರ್ಷ ಮೊದಲು, 1894ರಲ್ಲೇ, ಶಿಶುವಿವಾಹ ತಡೆಯುವ ಕಾನೂನು ಮಾಡಿತ್ತು. ಎಂಟು ತುಂಬದ ಹೆಣ್ಣು ಮಗುವಿಗೆ ಮದುವೆ ಮಾಡಬಾರದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ಕಟ್ಟಿಕೊಳ್ಳಬಾರದು ಅಂತ. ಈಗ ಓದಿದರೆ ಮೈ ಜುಮ್ಮೆನ್ನುತ್ತೆ. ಆದರೆ ಅವತ್ತಿಗೆ ಅದೇ ದೊಡ್ಡ ಹೆಜ್ಜೆ. 1978ರಲ್ಲಿ ದೇಶಕ್ಕೆಲ್ಲ ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ಅಂತ ಆಯಿತು. 2006ರಲ್ಲಿ ಈಗಿನ ಕಾಯ್ದೆ ಬಂತು. ಆಮೇಲೆ ಕರ್ನಾಟಕ ತನ್ನದೇ ತಿದ್ದುಪಡಿ ತಂದು, ಬಾಲ್ಯವಿವಾಹ ನಡೆದರೂ ಅದು ಮದುವೆಯೇ ಅಲ್ಲ, ಶುರುವಿನಿಂದಲೇ ಅಸಿಂಧು ಅಂದಿತು. ಕಾನೂನಿಗೇನೂ ಬರ ಇಲ್ಲ, ಸ್ವಾಮಿ.

ಮೊದಲು ಗೊತ್ತಾಗೋದು ಅಂಗಡಿ ಬೀದಿಗೆ

ಹಳ್ಳಿ ಮದುವೆ ಗುಟ್ಟಾಗಿ ನಡೀತದೆ ಅನ್ನೋದು ಅರ್ಧ ಸತ್ಯ. ಎಸೆಸೆಲ್ಸಿ ಪರೀಕ್ಷೆ ಮುಗಿದು ಬೇಸಿಗೆ ರಜ ಬಂತೋ, ಊರಿನವರು ಪೇಟೆಗೆ ಬರಲೇಬೇಕು. ಲಗ್ನಪತ್ರಿಕೆಗೆ ಪ್ರೆಸ್ಸು, ತಾಳಿಗೆ ಆಚಾರಿ, ಧಾರೆ ಸೀರೆಗೆ ಜವಳಿ ಅಂಗಡಿ, ಬಳೆ, ಬಾಸಿಂಗ, ಶಾಮಿಯಾನ, ಅಡುಗೆ ಭಟ್ಟರು, ಪಾತ್ರೆ ಬಾಡಿಗೆ, ವ್ಯಾನು. ಗ್ರಾಮಲೆಕ್ಕಿಗರಿಗೆ ಸುದ್ದಿ ಮುಟ್ಟುವ ಎಷ್ಟೋ ಮೊದಲು ಏಳೆಂಟು ಅಂಗಡಿಯವರಿಗೆ ಗೊತ್ತಾಗಿರುತ್ತೆ. ಬಳೆ ತೊಡಿಸುವವಳಂತೂ ಮಣಿಕಟ್ಟು ಹಿಡಿದೇ ವಯಸ್ಸು ಹೇಳಿಬಿಡ್ತಾಳೆ.

ಲಗ್ನಪತ್ರಿಕೆ ಅಚ್ಚು ಹಾಕುವ ಮೊದಲು ಹುಡುಗಿಯ ವಯಸ್ಸಿನ ದಾಖಲೆ ಕೇಳಿ ಅಂತ ಜಿಲ್ಲಾಡಳಿತಗಳು ಪ್ರೆಸ್ಸಿನವರಿಗೆ, ಕಲ್ಯಾಣ ಮಂಟಪದವರಿಗೆ ಎಷ್ಟೋ ಸಲ ಹೇಳಿವೆ. ಕೆಲವರು ಕೇಳ್ತಾರೆ. ಕೆಲವರು, "ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ, ನಮಗ್ಯಾಕೆ ಊರ ಉಸಾಬರಿ" ಅಂತ ಸುಮ್ಮನಾಗ್ತಾರೆ. ವ್ಯಾಪಾರದ ಕಷ್ಟ ವ್ಯಾಪಾರದವರಿಗೇ ಗೊತ್ತು. ಆದರೂ ಕಾಯ್ದೆಯ ಒಂದು ಮಾತು ಅವರ ಕಿವಿಗೆ ಬಿದ್ದಿರಲಿ. ಬಾಲ್ಯವಿವಾಹ ಮಾಡಿಸಿದವರಿಗೆ, ನಡೆಸಿಕೊಟ್ಟವರಿಗೆ, ಕುಮ್ಮಕ್ಕು ಕೊಟ್ಟವರಿಗೆ ಎರಡು ವರ್ಷದವರೆಗೆ ಕಠಿಣ ಸಜೆ, ಲಕ್ಷ ರೂಪಾಯಿವರೆಗೆ ದಂಡ. ಇದು ಬಾಲ್ಯವಿವಾಹ ಅಲ್ಲ ಅಂತ ನಂಬೋಕೆ ತನಗೆ ಕಾರಣ ಇತ್ತು ಅಂತ ತೋರಿಸಬೇಕಾದವನೂ ಅವನೇ. ಅಂದ ಮೇಲೆ ಡ್ರಾಯರಿನಲ್ಲಿ ಒಂದು ಟಿ.ಸಿ. ನಕಲು ಇಟ್ಟುಕೊಂಡವನು ರಾತ್ರಿ ನಿದ್ದೆ ಮಾಡಬಹುದು.

ನಕಲು ಅಂದರೆ ಆಧಾರ್ ಜೆರಾಕ್ಸ್ ಅಲ್ಲ. ಅದರಲ್ಲಿ ಇಸವಿ ತಿದ್ದಿ ಮತ್ತೆ ಜೆರಾಕ್ಸ್ ಮಾಡಿಸೋದು ಎರಡು ನಿಮಿಷದ ಕೆಲಸ. ವಯಸ್ಸಿನ ಮಾತು ಬಂದಾಗ ಮಕ್ಕಳ ಕಾಯ್ದೆ ಮೊದಲು ನೋಡೋದು ಶಾಲೆಯ ದಾಖಲೆ, ಎಸೆಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯ್ತಿ ಅಥವಾ ಮುನಿಸಿಪಾಲಿಟಿಯ ಜನನ ಪತ್ರ.

ಮುಚ್ಚಳಿಕೆಯ ಮಾರನೇ ದಿನ

1098ಕ್ಕೆ ಯಾರೋ ಫೋನು ಮಾಡ್ತಾರೆ. ಹೆಸರು ಹೇಳಬೇಕಾಗಿಲ್ಲ. ಸಿ.ಡಿ.ಪಿ.ಓ. ಬರ್ತಾರೆ, ಪೊಲೀಸು ಬರ್ತಾರೆ, ಚಪ್ಪರದ ಕೆಳಗೆ ಗಲಾಟೆ. ಹುಡುಗಿಯ ಅಪ್ಪ, "ಹದಿನೆಂಟು ತುಂಬೋವರೆಗೂ ಮದುವೆ ಮಾಡಲ್ಲ" ಅಂತ ಮುಚ್ಚಳಿಕೆ ಬರೆದುಕೊಡ್ತಾನೆ. ಒಂದು ಫೋಟೋ. ಮಾರನೇ ದಿನ ಪೇಪರಿನಲ್ಲಿ, "ಅಧಿಕಾರಿಗಳಿಂದ ಬಾಲ್ಯವಿವಾಹಕ್ಕೆ ತಡೆ". ಓದಿದವರಿಗೆ ಸಮಾಧಾನ.

ಆ ಹುಡುಗಿಗೆ? ಮಾಡಿದ ಸಾಲ ಹಾಗೇ ಇದೆ, ಕೊಂಡ ಅಕ್ಕಿ ಮೂಟೆ ಹಾಗೇ ಇದೆ, ಊರ ಬಾಯಿ ಶುರುವಾಗಿದೆ. ನಿಂತ ಮದುವೆಯ ಹೆಣ್ಣು ಅನ್ನೋ ಹೆಸರು ಬೇರೆ. ಮೂರು ವಾರಕ್ಕೆ ಪಕ್ಕದ ತಾಲ್ಲೂಕಿನ ಯಾವುದೋ ದೇವಸ್ಥಾನದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಹತ್ತು ಜನರ ಎದುರು ತಾಳಿ ಬಿದ್ದರೆ ಯಾರಿಗೆ ಗೊತ್ತಾಗುತ್ತೆ? ಮುಚ್ಚಳಿಕೆ ಅಂದರೆ ಒಂದು ಕಾಗದ, ಅಷ್ಟೇ. ಅದೇ ಅಧಿಕಾರಿ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿ ತಡೆಯಾಜ್ಞೆ ತಂದರೆ ಕಥೆಯೇ ಬೇರೆ. ಅದನ್ನು ಮೀರಿದರೆ ಜೈಲು. ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. ಆ ದಾರಿ ಹಿಡಿಯೋದಕ್ಕೆ ಫೋಟೋಕ್ಕಿಂತ ಜಾಸ್ತಿ ಪುರುಸೊತ್ತು ಬೇಕು.

ಅಪ್ಪ ಅಮ್ಮನನ್ನು ರಾಕ್ಷಸರು ಅಂತ ಬೈಯೋದೂ ಸುಲಭ. ಎದೆಮಟ್ಟ ಬೆಳೆದ ಹುಡುಗಿ ಮನೇಲಿದ್ರೆ ಸೆರಗಲ್ಲಿ ಕೆಂಡ ಕಟ್ಕೊಂಡಂಗೆ ಅಂತ ತಾಯಿ ಹೇಳ್ತಾಳಲ್ಲ, ಅದು ಬರೀ ಗಾದೆ ಅಲ್ಲ. ಇಬ್ಬರೂ ಕೂಲಿಗೆ ಹೋದರೆ ಮನೇಲಿ ಹುಡುಗಿ ಒಬ್ಬಳೇ. ಹೈಸ್ಕೂಲು ಐದಾರು ಮೈಲಿ ದೂರ. ಸಂಜೆ ಬಸ್ಸು ತಪ್ಪಿತೋ, ಕತ್ತಲಲ್ಲಿ ಕೆರೆ ಏರಿ ಮೇಲೆ ನಡೀಬೇಕು. 2006-07ರಲ್ಲಿ ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ಲು ಕೊಡೋಕೆ ಶುರು ಮಾಡಿದಾಗ ಹಳ್ಳಿ ರಸ್ತೆಯಲ್ಲಿ ಹುಡುಗಿಯರ ಸಾಲು ಸಾಲು ಬೆಲ್ಲಿನ ಸದ್ದು ಕೇಳ್ತಿತ್ತು. 2020ರ ಕೊರೋನಾ ಹೊತ್ತಿಗೆ ಅದು ನಿಂತಿತು. ಈಗ ಬಸ್ಸೇನೋ ಪುಕ್ಕಟೆ. ಆದರೆ ಶಾಲೆ ಬಿಡುವ ಹೊತ್ತಿಗೆ ಆ ಊರಿಗೆ ಬಸ್ಸು ಇರಬೇಕಲ್ಲ? ಟಿಕೆಟ್ಟಿನ ದುಡ್ಡಿಗಿಂತ ಬಸ್ಸಿನ ಟೈಮು ಎಷ್ಟೋ ಹುಡುಗಿಯರ ಮದುವೆ ನಿಶ್ಚಯ ಮಾಡಿಬಿಡುತ್ತೆ. ಸಂಜೆ ಐದರ ಟ್ರಿಪ್ಪು ಕಟ್ ಮಾಡುವ ಡಿಪೋದವರು ಇದನ್ನು ಒಂದು ಸಲ ಯೋಚಿಸಲಿ.

ಭಾಗ್ಯಲಕ್ಷ್ಮಿ ಬಾಂಡೂ ಅಷ್ಟೇ. 2006-07ರಲ್ಲಿ ಶುರುವಾದ ಈ ಯೋಜನೆಯಲ್ಲಿ ಬಡವರ ಮನೆ ಹೆಣ್ಣು ಮಗುವಿನ ಹೆಸರಿಗೆ ಸರ್ಕಾರ ಠೇವಣಿ ಇಟ್ಟಿತು. ಎಂಟನೇ ತರಗತಿವರೆಗೆ ಓದಬೇಕು, ದುಡಿಮೆಗೆ ಹಾಕಬಾರದು, ಹದಿನೆಂಟರ ಮೊದಲು ಮದುವೆ ಕೂಡದು ಅಂತ ಷರತ್ತು. ಮೊದಲ ಬಾಂಡುಗಳು ಕೈಗೆ ಬರುವ ಕಾಲ 2024ಕ್ಕೆ ಬಂತು. ಹದಿನಾರಕ್ಕೆ ಮದುವೆ ಮಾಡಿದ ಮನೆ ಆ ದುಡ್ಡನ್ನೂ ಕಳಕೊಳ್ಳುತ್ತೆ. ಟ್ರಂಕಿನ ತಳದಲ್ಲಿ ಬಾಂಡು ಇಟ್ಟು ಮರೆತವರಿಗೆ ಇದನ್ನು ನೆನಪಿಸೋಕೆ ಅಂಗನವಾಡಿ ಟೀಚರಮ್ಮ ಒಬ್ಬರೇ ಸಾಲದು.

"ಹತ್ತೊಂಬತ್ತಾಯ್ತು ಕಣವ್ವ"

ನಿಜವಾದ ಕಷ್ಟ ಶುರುವಾಗೋದು ತಾಳಿ ಬಿದ್ದ ಮೇಲೆ. ಮದುವೆ ತಡೆಯೋಕೆ ಹತ್ತು ಇಲಾಖೆ. ತಡೆಯೋಕಾಗದೆ ಮದುವೆಯಾಗಿ, ವರ್ಷ ಒಪ್ಪತ್ತಿಗೆ ಬಸುರಾದ ಹುಡುಗಿಗೆ ಯಾರು?

ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು, ವಯಸ್ಸೆಷ್ಟಕ್ಕ ಅಂದರೆ, "ಹತ್ತೊಂಬತ್ತಾಯ್ತು ಕಣವ್ವ" ಅಂತ ಅತ್ತೆ ಉತ್ತರ. ಹುಡುಗಿ ಬಾಗಿಲ ಹಿಂದೆ. ಇಬ್ಬರಿಗೂ ಅದು ಸುಳ್ಳು ಅಂತ ಗೊತ್ತು. ಯಾಕೆ ಈ ಸುಳ್ಳು? 2012ರ ಪೋಕ್ಸೋ ಕಾಯ್ದೆ ಪ್ರಕಾರ ಹದಿನೆಂಟು ತುಂಬದ ಹುಡುಗಿ ಬಸುರಿ ಅಂತ ಗೊತ್ತಾದರೆ ಡಾಕ್ಟರು ಪೊಲೀಸಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಡಾಕ್ಟರಿಗೇ ಆರು ತಿಂಗಳವರೆಗೆ ಸಜೆ. ಗಂಡನಾದರೂ ಬಿಡುಗಡೆ ಇಲ್ಲ ಅಂತ 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಈ ಕಾನೂನು ತಪ್ಪು ಅಂತ ಹೇಳೋ ಹಾಗಿಲ್ಲ. ಮೂವತ್ತೈದರವನು ಹದಿನೈದರವಳನ್ನು ಕಟ್ಟಿಕೊಂಡು, ತಾಳಿ ಕಟ್ಟಿದ್ದೀನಿ ಅಂತ ಎದೆ ಸೆಟೆಸಿದರೆ ಅವನಿಗೆ ಜೈಲೇ ಸರಿ. ಆದರೆ ಹೆದರಿಕೆಯ ಹೊಡೆತ ಬೀಳೋದು ಯಾರ ಮೇಲೆ ನೋಡಿ. ಗಂಡ ಜೈಲಿಗೆ, ಹುಡುಗಿ ಬಾಲಮಂದಿರಕ್ಕೆ ಅನ್ನೋ ಭಯಕ್ಕೆ ಅವಳನ್ನು ಆಸ್ಪತ್ರೆಗೇ ಕರಕೊಂಡು ಹೋಗಲ್ಲ. ತಾಯಿ ಕಾರ್ಡ್ ಮಾಡಿಸಲ್ಲ. ತಾಯಿ ಕಾರ್ಡ್ ಇಲ್ಲ ಅಂದರೆ ತೂಕ ಇಲ್ಲ, ಬಿ.ಪಿ. ಇಲ್ಲ, ರಕ್ತ ಪರೀಕ್ಷೆ ಇಲ್ಲ, ಟಿ.ಡಿ. ಚುಚ್ಚುಮದ್ದು ಇಲ್ಲ, ನೂರೆಂಬತ್ತು ಕಬ್ಬಿಣದ ಮಾತ್ರೆ ಇಲ್ಲ. ಸರ್ಕಾರದ ಯಾವ ಪುಸ್ತಕದಲ್ಲೂ ಅವಳು ಇಲ್ಲ. ಇನ್ನು ಕೆಲವರು ನಾದಿನಿಯ ಹೆಸರಲ್ಲಿ, ಓರಗಿತ್ತಿಯ ಕಾರ್ಡಿನಲ್ಲಿ ತೋರಿಸ್ತಾರೆ. ಆಗ ಒಬ್ಬಳ ರಕ್ತದ ಗುಂಪು ಇನ್ನೊಬ್ಬಳ ಹೆಸರಿಗೆ. ಹೆರಿಗೆ ಕೋಣೆಯಲ್ಲಿ ಇದು ತಮಾಷೆಯ ವಿಷಯ ಅಲ್ಲ.

ಚಿಕ್ಕ ವಯಸ್ಸಿನ ಬಸುರಿಗೆ ಅಪಾಯ ಎಲ್ಲಿಂದ ಬರುತ್ತೆ ಅನ್ನೋದು ಎಲ್ಲರೂ ತಿಳಕೋಬೇಕಾದ್ದು. ಒಂದು, ರಕ್ತ ಕಮ್ಮಿ. ಈ ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧ ಜನಕ್ಕೆ ರಕ್ತಹೀನತೆ. ಬಸುರಿಗೆ ಹಿಮೋಗ್ಲೋಬಿನ್ ಹನ್ನೊಂದಾದರೂ ಇರಬೇಕು, ಏಳಕ್ಕಿಂತ ಇಳಿದರೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಬರುತ್ತೆ. ಎರಡು, ಬಿ.ಪಿ. ಏರಿ ನಂಜಾಗೋದು. ಮುಖ ಕೈಕಾಲು ಬಾವು, ತಡೆಯಲಾರದ ತಲೆನೋವು, ಕಣ್ಣು ಮಂಜು, ಆಮೇಲೆ ಫಿಟ್ಸು. ಹಳ್ಳಿಯಲ್ಲಿ ಇದನ್ನು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸೋಕೆ ಕರಕೊಂಡು ಹೋಗ್ತಾರೆ. ಹತ್ತೊಂಬತ್ತರೊಳಗಿನ ತಾಯಂದಿರಿಗೆ ಈ ನಂಜಿನ ಭಯ ಇಪ್ಪತ್ತು ದಾಟಿದವರಿಗಿಂತ ಜಾಸ್ತಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವ ಮಾತು. ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡೋಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷಕ್ಕೆ ಅವಳು ಆಸ್ಪತ್ರೆ ಬಾಗಿಲಿಗೆ ಬರಬೇಕು. ಬಾಗಿಲಲ್ಲೇ ಪೊಲೀಸು ನಿಂತಿದ್ದಾರೆ ಅನ್ನಿಸಿದರೆ ಬರ್ತಾಳಾ?

ಬರಲಿ ಅಂತಲೇ ಕಾನೂನು ಕೆಲವು ಕಿಟಕಿ ಬಿಟ್ಟಿದೆ. ಪೋಕ್ಸೋ ನಿಯಮದಲ್ಲಿ, ಪೊಲೀಸ್ ಕಾಗದ ತಂದರೇ ಚಿಕಿತ್ಸೆ ಅಂತ ಯಾವ ಡಾಕ್ಟರೂ ಕೇಳೋ ಹಾಗಿಲ್ಲ. ಮೊದಲು ಚಿಕಿತ್ಸೆ, ಆಮೇಲೆ ಕಾಗದ. ಮಕ್ಕಳ ಕಲ್ಯಾಣ ಸಮಿತಿ ಅವಳ ಜೊತೆ ಠಾಣೆಗೆ, ಕೋರ್ಟಿಗೆ, ಆಸ್ಪತ್ರೆಗೆ ಬರೋಕೆ ಒಬ್ಬ ಬೆಂಬಲದ ವ್ಯಕ್ತಿಯನ್ನು ನೇಮಿಸಿ ಕೊಡಬಹುದು. ಬಸಿರು ಬೇಡ ಅಂತ ಬಂದ ಎಳೆ ಹುಡುಗಿಯ ವಿಷಯದಲ್ಲಿ, ಅವಳೂ ಪೋಷಕರೂ ಕೋರಿದರೆ ಪೊಲೀಸಿಗೆ ಕೊಡುವ ವರದಿಯಲ್ಲಿ ಡಾಕ್ಟರು ಅವಳ ಗುರುತು ಹೇಳಬೇಕಾಗಿಲ್ಲ ಅಂತ 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮದುವೆ ರದ್ದು ಮಾಡುವ ಕೋರ್ಟು, ಹುಡುಗಿ ಮತ್ತೆ ಮದುವೆಯಾಗುವವರೆಗೆ ಗಂಡನಿಂದ ಜೀವನಾಂಶ ಕೊಡಿಸಬಹುದು. ಅವನೂ ಎಳೆಯವನಾದರೆ ಅವರಪ್ಪನಿಂದ. ಇವೆಲ್ಲ ಹಳ್ಳಿಯಲ್ಲಿ ಎಷ್ಟು ಜನಕ್ಕೆ ಗೊತ್ತು? ಜೈಲು ಅನ್ನೋ ಒಂದು ಮಾತು ಮಾತ್ರ ಎಲ್ಲರಿಗೂ ಗೊತ್ತು.

ಎರಡು ಊರು, ನಡುವೆ ಒಂದು ಹುಡುಗಿ

ಇನ್ನೊಂದು ತೊಡಕು ನಮ್ಮ ಪದ್ಧತಿಯದ್ದೇ. ಬಸಿರು ಗಂಡನ ಊರಲ್ಲಿ, ಬಾಣಂತನ ತವರಲ್ಲಿ. ಏಳು ತಿಂಗಳಿಗೋ ಒಂಬತ್ತಕ್ಕೋ ಮಡಿಲು ತುಂಬಿ ಕಳಿಸಿಕೊಡ್ತಾರೆ. ಗಂಡನ ಊರಿನ ಆಶಾ, ಅವಳು ತವರಿಗೆ ಹೋದಳು ಅಂತ ಪುಸ್ತಕದಲ್ಲಿ ಗೆರೆ ಎಳೀತಾಳೆ. ತವರೂರಿನ ಆಶಾ, ಅವಳು ಗಂಡನ ಊರಿನವಳು ಅಂತ ಬರೆಯೋದೇ ಇಲ್ಲ. ತಾಯಿ ಕಾರ್ಡ್ ಇದ್ದವಳಿಗೆ ನಂಬರಾದರೂ ಜೊತೆಗೆ ಬರುತ್ತೆ. ಕಾರ್ಡೇ ಇಲ್ಲದವಳು ಎರಡೂ ಊರಿನ ನಡುವೆ ಬಿದ್ದುಹೋಗ್ತಾಳೆ.

ಆಶಾ ಹೆಂಗಸನ್ನು ಬೈದು ಫಲ ಇಲ್ಲ. ಸಾವಿರ ಜನಕ್ಕೆ ಒಬ್ಬಳು. ಅದೇ ಊರಿನ ಸೊಸೆ. ಇವತ್ತು ಒಂದು ಮನೆ ವಿಷಯ ಮೇಲಕ್ಕೆ ಹೇಳಿದರೆ ನಾಳೆ ಅವರ ಮನೆ ನಲ್ಲಿಯಲ್ಲಿ ಅವಳಿಗೆ ನೀರು ಸಿಗಲ್ಲ.

ಅಂಗನವಾಡಿ ಅನ್ನೋ ವ್ಯವಸ್ಥೆ ಈ ರಾಜ್ಯದಲ್ಲಿ ಕಣ್ಣು ಬಿಟ್ಟದ್ದು ಇದೇ ಜಿಲ್ಲೆಯಲ್ಲಿ. 1975ರ ಅಕ್ಟೋಬರ್ 2ರಂದು ದೇಶದ ಮೂವತ್ಮೂರು ಕಡೆ ಪ್ರಯೋಗಕ್ಕೆ ಶುರುವಾದಾಗ ಕರ್ನಾಟಕಕ್ಕೆ ಸಿಕ್ಕಿದ್ದು ತಿ. ನರಸೀಪುರ. ಆ ಅಂಗನವಾಡಿಯಲ್ಲೇ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಅಂತ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಬಂತು. ಅನ್ನ, ಸಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ಊಟ ಒಳ್ಳೇದೇ. ಆದರೆ ಹೊಸ ಸೊಸೆ ಬೀದಿ ದಾಟಿ ಹೋಗಿ ನಾಲ್ಕು ಜನರ ಎದುರು ತಟ್ಟೆ ಹಿಡಿಯೋದಾ? "ನಮ್ಮನೇಲಿ ಊಟಕ್ಕೆ ಗತಿ ಇಲ್ವಾ" ಅಂತ ಅತ್ತೆ. ಬಸುರಿ ಜಾಸ್ತಿ ಉಂಡರೆ ಮಗು ದಪ್ಪ ಆಗುತ್ತೆ, ಹೆರಿಗೆ ಕಷ್ಟ ಅಂತ ಅಜ್ಜಿ. ಬಾಣಂತಿಗೆ ನೀರು ಕೊಡಬೇಡ, ಸೊಪ್ಪು ಕೊಡಬೇಡ ಅಂತ ಇನ್ನೊಬ್ಬಳು. ಹದಿನೇಳರ ಹುಡುಗಿ ಇವರೆಲ್ಲರ ಎದುರು ಬಾಯಿ ತೆರೆದು, ನನಗೆ ಹಸಿವು ಅನ್ನಬೇಕು. ಆಗುತ್ತಾ?

ಹಿಂದೆ, 1989ರಲ್ಲಿ ಶುರುವಾದ ಮಹಿಳಾ ಸಮಾಖ್ಯದ ಸಂಘಗಳಲ್ಲಿ ಕೂಲಿ ಹೆಂಗಸರೇ ಕೂತು ಇಂಥ ಮಾತು ಬಿಡಿಸ್ತಿದ್ದರು. ಶಾಲೆ ಬಿಟ್ಟ ಹುಡುಗಿಯರಿಗೆ ಮಹಿಳಾ ಶಿಕ್ಷಣ ಕೇಂದ್ರವನ್ನೂ ನಡೆಸಿದರು. ಆ ಕಾರ್ಯಕ್ರಮ ಈಗಿಲ್ಲ. ಈಗಿನ ಸ್ವಸಹಾಯ ಸಂಘಗಳಲ್ಲಿ ಕಂತಿನ ಮಾತು ಮುಗಿಯೋದೇ ಹೊತ್ತಾಗುತ್ತೆ.

ಮತ್ತೆ ಆಷಾಢಕ್ಕೇ ಬರೋಣ. ಆ ಒಂದು ತಿಂಗಳು ಹುಡುಗಿ ತನ್ನ ಮನೆಯಲ್ಲಿರ್ತಾಳೆ. ಅತ್ತೆ ಇಲ್ಲ, ಗಂಡ ಇಲ್ಲ. ಅವಳಿಗೆ ಪಾಠ ಹೇಳಿದ ಮೇಷ್ಟ್ರು ಅದೇ ಊರಲ್ಲಿ, ಅವಳನ್ನು ಮಗುವಿನಿಂದ ತೂಕ ಹಾಕಿದ ಅಂಗನವಾಡಿ ಟೀಚರು ಅದೇ ಬೀದಿಯಲ್ಲಿ. ತವರಿನ ಆಶಾ ಅವಳನ್ನು ಹೆಸರು ಹಿಡಿದು ಕೂಗೋಷ್ಟು ಹತ್ತಿರದವಳು. ಬಾಗಿಲ ಹಿಂದೆ ನಿಲ್ಲದೆ ಅವಳೇ ಬಾಯಿ ಬಿಟ್ಟು ಮಾತಾಡೋದು ಆಗ ಮಾತ್ರ. ತಿಂಗಳಾಗಿದೆಯಾ ನಿಂತಿದೆಯಾ, ರಕ್ತ ಎಷ್ಟಿದೆ, ಅಲ್ಲಿ ಹೊಡೀತಾರಾ, ಓದೋ ಆಸೆ ಇದೆಯಾ, ಇವನ್ನೆಲ್ಲ ಕೇಳೋಕೆ ಬೇರೆ ಸಮಯ ಸಿಗಲ್ಲ. ಈಗಲೇ ಮಗು ಬೇಡ ಅನ್ನೋ ಹೊಸ ಜೋಡಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಾರದ ಛಾಯಾ ಮಾತ್ರೆ, ಮೂರು ತಿಂಗಳಿಗೊಂದು ಅಂತರಾ ಚುಚ್ಚುಮದ್ದು ಪುಕ್ಕಟೆ ಸಿಗುತ್ತೆ. ಎಸೆಸೆಲ್ಸಿ ಅರ್ಧಕ್ಕೆ ಬಿಟ್ಟವಳು ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು. ವಾಪಸ್ಸು ಹೋಗಲ್ಲ ಅಂತ ಅವಳೇ ಅಂದರೆ, ಆ ಮದುವೆ ಮದುವೆಯೇ ಅಲ್ಲ ಅಂತ ರಾಜ್ಯದ ಕಾನೂನು ಅವಳ ಕಡೆಗಿದೆ.

ಆದರೆ ಆ ತಿಂಗಳು ಹೊಸ ಮದುಮಗಳ ಮನೆಗೆ ಯಾರೂ ಹೋಗಲ್ಲ. ಹೋದರೂ ಹೋಳಿಗೆ ಊಟಕ್ಕೆ. ಆಶಾಳ ಪುಸ್ತಕದಲ್ಲಿ ಬಸುರಿಯ ಕಾಲಂ ಇದೆ, ಬಾಣಂತಿಯ ಕಾಲಂ ಇದೆ. ಆಷಾಢಕ್ಕೆ ಬಂದವಳು ಅಂತ ಕಾಲಂ ಇಲ್ಲ. ಜೂನ್ ಹೊತ್ತಿಗೆ ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ಯಾರ ಹೆಸರು ಕಳಚಿಕೊಂಡಿದೆ ಅಂತ ಮೇಷ್ಟ್ರಿಗೆ ಗೊತ್ತು. ಆ ಪಟ್ಟಿಯನ್ನೂ ಆಶಾಳ ಪಟ್ಟಿಯನ್ನೂ ಪಂಚಾಯ್ತಿ ಕಟ್ಟೆ ಮೇಲೆ ಒಂದು ಮಧ್ಯಾಹ್ನ ಪಕ್ಕಪಕ್ಕ ಇಟ್ಟು ನೋಡೋಕೆ ಯಾವ ಸರ್ಕಾರಿ ಆದೇಶವೂ ಬೇಕಾಗಿಲ್ಲ. ಪಿ.ಡಿ.ಓ., ಗ್ರಾಮಲೆಕ್ಕಿಗ, ಹೆಡ್‌ಮೇಷ್ಟ್ರು ಇವರೆಲ್ಲ ಬಾಲ್ಯವಿವಾಹ ತಡೆಯುವ ಅಧಿಕಾರಿಗಳೇ ಅಂತ ಸರ್ಕಾರ ಹೇಳಿ ಎಷ್ಟೋ ಕಾಲ ಆಯಿತು.

ಶ್ರಾವಣ ಹುಟ್ಟಿದ ಮೇಲೆ ಅದೇ ಬಸ್ ಸ್ಟ್ಯಾಂಡಿನಲ್ಲಿ ಅವೇ ಹುಡುಗಿಯರು ವಾಪಸ್ಸು ಹೊರಡ್ತಾರೆ. ಈ ಸಲ ಕೈಯಲ್ಲಿ ತವರಿನ ಸೀರೆ, ಚಕ್ಕುಲಿ ಡಬ್ಬ. ಕಂಡಕ್ಟರು ಕಾರ್ಡಿನ ವಿಳಾಸದ ಕಡೆ ತಿರುಗಿಸಿ ನೋಡಿ, ಸೊನ್ನೆ ಟಿಕೆಟ್ಟು ಹರಿದು ಕೊಡ್ತಾರೆ.